ಧನುರ್ಮಾಸ ಮುಗಿಯುವುದರೊಳಗೆ

ಬೆಂಗಳೂರು
ಡಿಸೆಂಬರ್ 2025

ಚಿಕ್ಕಮ್ಮಾ,

ನೀನು ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ಅರ್ಧ ಜೆರಾಕ್ಸ್ ಮಶೀನಿನ ಸದ್ದು, ಕಾಲು ಭಾಗ ಯಾರದೋ ಪಹಣಿಯ ಸರ್ವೆ ನಂಬರು. ಉಳಿದ ಕಾಲು ಭಾಗವನ್ನು ಮೂರು ಸಲ ಕೇಳಿದೆ. ಅಂಗಡಿಯ ಎರಡೂ ಕಂಪ್ಯೂಟರು ಎಸೆದು ಹೊಸದು ತಗೊಳ್ಳಿ ಅಂತ ರಿಪೇರಿ ಹುಡುಗ ಹೇಳಿದ್ದು, 'ಓಡ್ತಾ ಇರೋದನ್ನ ಯಾಕಪ್ಪಾ ಎಸೀಲಿ' ಅಂತ ನೀನು ಅವನನ್ನು ವಾಪಸ್ಸು ಕಳಿಸಿದ್ದು, ಎಲ್ಲ ತಿಳಿಯಿತು. ಕೊನೆಗೆ ಒಂದು ಮಾತು ಸೇರಿಸಿದೆಯಲ್ಲ, 'ನೀನು ಕಾಲೇಜಲ್ಲಿದ್ದಾಗ ಅದೇನೋ ಪುಕ್ಕಟೆ ಸಿಡಿ ತರಿಸಿದ್ದೆ, ಅದು ಈಗಲೂ ಸಿಗುತ್ತೇನೋ?' ಅಂತ. ಅಲ್ಲಿ ನಾನು ಸಿಕ್ಕಿಬಿದ್ದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ಊಟ ಆಯ್ತಾ ಅಂತ ಶುರುಮಾಡಿ ತೆಂಗಿಗೆ ನುಸಿ ಬಿದ್ದದ್ದರಲ್ಲಿ ಮುಗಿಸುತ್ತೀಯ. ಅದಕ್ಕೇ ಪತ್ರ. ತಪ್ಪಿದ್ದ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಇಟ್ಟುಕೊಂಡಿರು, ಬಂದಾಗ ಬೈಸಿಕೊಳ್ಳುತ್ತೇನೆ.

ಮೊದಲು ಆ ಸಿಡಿ. 2008ರ ಫೆಬ್ರವರಿ ಅದು. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸಿಡಿಯನ್ನು ಆಗ ಕೇಳಿದವರಿಗೆಲ್ಲ ಹೊರದೇಶದಿಂದ ಅಂಚೆಯಲ್ಲಿ ಬಿಟ್ಟಿ ಕಳಿಸುತ್ತಿದ್ದರು. ಅಂಚೆ ಖರ್ಚೂ ಅವರದೇ. 2011ರಲ್ಲಿ ಆ ಧರ್ಮ ನಿಲ್ಲಿಸಿದರು ಅನ್ನು. ಹಾಸ್ಟೆಲ್ಲಿಗೆ ಬಂದದ್ದು ಕೈ ಸೇರುವ ಖಾತ್ರಿ ಇರಲಿಲ್ಲವಾದ್ದರಿಂದ ನಿನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ವಿಳಾಸ ಕೊಟ್ಟಿದ್ದೆ. ನೀನು ಒಂದು ಶನಿವಾರ ಅರಸೀಕೆರೆಗೆ ಗೃಹಪ್ರವೇಶಕ್ಕೆ ಹೋಗಿದ್ದಾಗ, ಅಂಗಡಿಯ ಆಗಿನ ಒಂದೇ ಒಂದು ಕಂಪ್ಯೂಟರಿಗೆ ಅದನ್ನು ತುರುಕಿದೆ. ಡಿಸ್ಕನ್ನು ಹೇಗೆ ಬಳಸಲಿ ಅಂತ ಅದು ಕೇಳಿತು. ಪೂರ್ತಿ ಡಿಸ್ಕು ಎಂಬ ಉತ್ತರವೂ ಅಲ್ಲೇ ಇತ್ತು. ನಾನು ಓದದೆ ಮುಂದೆ, ಮುಂದೆ ಅಂತ ಒತ್ತುತ್ತಾ ಹೋದೆ. ಮಾಘಮಾಸದ ಮೂರು ಲಗ್ನಪತ್ರಿಕೆ, ಒಂದು ಜಾತ್ರೆಯ ಕರಪತ್ರ, ಯಾವುದೋ ಸಂಘದ ಸ್ಮರಣ ಸಂಚಿಕೆಯ ಎಂಬತ್ತು ಪುಟ, ಅಷ್ಟೂ ಹೋಯಿತು.

ನೀನು ಬಂದು ನೋಡಿದೆ. ಬೈಯಲಿಲ್ಲ. ರೇಷ್ಮೆ ಸೀರೆ ಕೂಡ ಬದಲಾಯಿಸದೆ, ಕೈಬರಹದ ಕರಡುಗಳ ಕಂತೆ ನನ್ನ ಮುಂದೆ ಹಾಕಿ 'ಓದ್ತಾ ಹೋಗು' ಅಂದೆ. ಪಕ್ಕದ ಅಂಗಡಿಯವರ ಕಂಪ್ಯೂಟರಿನಲ್ಲಿ ರಾತ್ರಿ ಎರಡೂವರೆಯವರೆಗೆ ಕೂತೆವು. ನೀನು ಕೀಲಿಮಣೆಯ ಕಡೆ ಒಮ್ಮೆಯೂ ನೋಡಲಿಲ್ಲ. ನಿನ್ನ ಬೆರಳಿಗೆ ನನ್ನ ಓದು ಸಾಲುತ್ತಿರಲಿಲ್ಲ. ಈಗ ಹದಿನೇಳು ವರ್ಷವಾಯಿತು, ನೀನು ಆ ಮಾತನ್ನು ಒಂದು ಮದುವೆ ಮನೆಯಲ್ಲೂ ಎತ್ತಲಿಲ್ಲ. ಆದ್ದರಿಂದ ನೀನಾಗಿಯೇ 'ಆ ಸಿಡಿ' ಅಂದಾಗ, ಈ ಸಲವಾದರೂ ಸರಿಯಾಗಿ ಹೇಳಬೇಕು ಅನ್ನಿಸಿತು.

ರಿಪೇರಿ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಆರೈಕೆ ಮುಗಿಯಿತು. ಅಂದರೆ ಮಶೀನು ನಿಂತುಹೋಗುವುದಿಲ್ಲ. ಕಳ್ಳರು ಹೊಸ ಕಿಂಡಿ ಕಂಡುಹಿಡಿದರೆ ಮುಚ್ಚಲು ಯಾರೂ ಬರುವುದಿಲ್ಲ, ಅಷ್ಟೆ. ಕೇಳಿ ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರಿನವರೆಗೆ ತೇಪೆ ಹಾಕಿಕೊಡುತ್ತಾರೆ. ನಿನ್ನದು ಮನೆಯ ಕಂಪ್ಯೂಟರಾಗಿದ್ದರೆ ಆಮೇಲೆ ನೋಡೋಣ ಅನ್ನುತ್ತಿದ್ದೆ. ಅದು ಅಂಗಡಿಯದು. ಅರ್ಧ ಊರಿನ ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡುಗಳ ನಕಲು ಅದರ ಹೊಟ್ಟೆಯಲ್ಲಿದೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು. ನಿನ್ನವು ನಾಲ್ಕನೇ ತಲೆಮಾರಿನವು. ಅಲ್ಲಿಗೆ ಆ ದಾರಿ ಮುಚ್ಚಿತು. ಮಶೀನು ಹಾಳಾಗಿದೆ ಅಂತ ಮಾತ್ರ ಇದರರ್ಥ ಅಲ್ಲ. ನಿನ್ನ ಗೋದ್ರೆಜ್ ಟೈಪ್‌ರೈಟರುಗಳಿಗೆ ರಿಬ್ಬನ್ ಸಿಗುವ ತನಕ ನೀನು ಯಾವುದನ್ನೂ ಗುಜರಿಗೆ ಹಾಕಲಿಲ್ಲ, ನನಗೆ ಗೊತ್ತು.

ಹಾಗಾಗಿ ಲಿನಕ್ಸ್. ಇದೇನೆಂದು ನಿನ್ನ ಕಸುಬಿನಲ್ಲೇ ಹೇಳುತ್ತೇನೆ. ಲಗ್ನಪತ್ರಿಕೆಯ ಒಕ್ಕಣೆ ಇದೆಯಲ್ಲ, ಕುಲದೇವರ ಪ್ರಸನ್ನದಿಂದ ಹಿಡಿದು 'ಆಶೀರ್ವಾದವೇ ಉಡುಗೊರೆ'ವರೆಗೆ, ಅದು ಯಾರಪ್ಪನ ಸ್ವತ್ತೂ ಅಲ್ಲ. ಯಾವ ಪ್ರೆಸ್ಸಿನವರೂ ತೆಗೆದುಕೊಂಡು ತಮಗೆ ಬೇಕಾದ ಚೌಕಟ್ಟು, ಅಕ್ಷರ, ಕಾಗದ ಹಾಕಿ ಅಚ್ಚು ಮಾಡುತ್ತಾರೆ. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ 1991ರಲ್ಲಿ ಬರೆದು, ಯಾರು ಬೇಕಾದರೂ ತಿದ್ದಬಹುದು ಅಂತ ಬಿಟ್ಟುಕೊಟ್ಟ ತಿರುಳು ಆ ಒಕ್ಕಣೆ. ಅದಕ್ಕೂ ಮೊದಲಿಂದ ರಿಚರ್ಡ್ ಸ್ಟಾಲ್ಮನ್ ಮತ್ತು ಅವರ ಜೊತೆಯವರು ಬರೆಯುತ್ತಿದ್ದ ಗ್ನೂ ಸಲಕರಣೆಗಳು ಅದಕ್ಕೆ ಸೇರಿಕೊಂಡವು. ಅದರ ಮೇಲೆ ಒಬ್ಬೊಬ್ಬರು ಒಂದೊಂದು ಚೌಕಟ್ಟು ಕೂರಿಸಿ ಹಂಚುತ್ತಾರೆ. ಇದಕ್ಕೆ ಡಿಸ್ಟ್ರೋ ಅನ್ನುತ್ತಾರೆ, ಡಿಸ್ಟ್ರಿಬ್ಯೂಷನ್ನಿನ ತುಂಡು. ಬೇರೆ ಯಾರಾದರೂ ಇದನ್ನು ಬಳಸುತ್ತಾರಾ ಅಂತ ಕೇಳುತ್ತೀಯ. ನಿನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಕೇರಳದ ಸರ್ಕಾರಿ ಶಾಲೆಯ ಮಕ್ಕಳು ಎಷ್ಟೋ ವರ್ಷದಿಂದ ಇದರಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಚೌಕಟ್ಟುಗಳು ನೂರಾರಿವೆ. ಹೊಸಬರಿಗೆ ಯಾವುದು ಸಲೀಸು ಅಂತ ನನ್ನಂಥವರನ್ನು ಕೇಳಿದರೆ ಮೂರು ಜನ ನಾಲ್ಕು ಹೆಸರು ಹೇಳಿ ಜಗಳಕ್ಕೆ ಬೀಳುತ್ತಾರೆ. ನಾನೂ ಒಂದು ವಾರ ನನ್ನೊಳಗೇ ಜಗಳವಾಡಿಕೊಂಡೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಂಟು ವರ್ಷದಿಂದ ಇದ್ದದ್ದು ಫೆಡೋರಾ. ನನಗದು ಇಷ್ಟ, ಹೊಸತು ಏನು ಬಂದರೂ ಅದರಲ್ಲಿ ಮೊದಲು ಕಾಣುತ್ತದೆ. ಆರು ತಿಂಗಳಿಗೊಂದು ಹೊಸ ಆವೃತ್ತಿ, ಒಂದೊಂದಕ್ಕೂ ಸುಮಾರು ಹದಿಮೂರು ತಿಂಗಳ ಆಯುಸ್ಸು. ವರ್ಷಕ್ಕೊಮ್ಮೆ ಅಂಗಡಿಯ ಬೋರ್ಡು ಬದಲಾಯಿಸಿದ ಹಾಗೆ. ನಿನಗದು ಬೇಡ. ಆರ್ಚ್ ಎಂಬುದೊಂದಿದೆ, ಅದನ್ನು ಹಾಕಿಕೊಂಡವರು ಹಾಕಿಕೊಂಡೆವೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ, ಅದರ ಮಾತೇ ಬೇಡ. ಜೋರಿನ್ ಅಂತ ಡಬ್ಲಿನ್ನಿನ ಇಬ್ಬರು ಅಣ್ಣತಮ್ಮಂದಿರದು, ನೋಡಲು ವಿಂಡೋಸಿನಂತೆಯೇ ಇದೆ, ಚೆಂದವೂ ಇದೆ. ನಮ್ಮ ಸಿ-ಡ್ಯಾಕ್‌ನವರ ಬಾಸ್ ಕೂಡ ಇದೆ, ಭಾರತೀಯ ಭಾಷೆಗಳಿಗೆಂದೇ ಮಾಡಿದ್ದು. ಮನಸ್ಸು ಅತ್ತ ಎಳೆಯಿತು, ಆದರೆ ನನಗೇ ಅದರಲ್ಲಿ ಕೈ ಪಳಗಿಲ್ಲ.

ಕೊನೆಗೆ ಉಳಿದದ್ದು ಒಂದು ವಂಶಾವಳಿ. ಅಜ್ಜಿ ಡೆಬಿಯನ್, 1993ರದ್ದು. ಇಯಾನ್ ಮರ್ಡಾಕ್ ಎಂಬಾತ ತನ್ನ ಗೆಳತಿ ಡೆಬ್ರಾ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಇಟ್ಟದ್ದು, ಲಗ್ನಪತ್ರಿಕೆಯ ಮೇಲ್ಭಾಗದಲ್ಲಿ ನೀನು ಇಬ್ಬರ ಮೊದಲಕ್ಷರ ಹೆಣೆಯುತ್ತೀಯಲ್ಲ, ಹಾಗೆ. ಮಗಳು ಉಬುಂಟು, 2004ರಲ್ಲಿ ಬಂದದ್ದು, ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಶುರುಮಾಡಿದ್ದು. ಮೊಮ್ಮಗಳು ಲಿನಕ್ಸ್ ಮಿಂಟ್, 2006ರಿಂದ ಕ್ಲೆಮೆಂಟ್ ಲೆಫೆಬ್ರ್ ಎಂಬಾತ ತನ್ನ ತಂಡದ ಜೊತೆ ಸಾಕುತ್ತಿರುವುದು. ನಿನಗೆ ನಾನು ಆರಿಸಿದ್ದು ಈ ಮೊಮ್ಮಗಳನ್ನು. ಅದರ ಒಂದೊಂದು ಆವೃತ್ತಿಗೂ ಹೆಣ್ಣುಮಕ್ಕಳ ಹೆಸರೇ ಇಡುತ್ತಾರೆ, ಎಲ್ಲ 'ಆ' ಎಂದು ಕೊನೆಯಾಗುವಂಥವು.

ಯಾಕೆ ಇದೇ ಅಂದರೆ, ಇದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ. ಕೆಳಗೆ ಎಡಮೂಲೆಯಲ್ಲಿ ಮೆನು. ಕೆಳಗಿನ ಪಟ್ಟಿಯಲ್ಲಿ ತೆರೆದಿಟ್ಟ ಕೆಲಸಗಳು, ಬಲಕ್ಕೆ ಗಡಿಯಾರ. ಹತ್ತು ವರ್ಷದ ಹಿಂದೆ ಹಾಗಿತ್ತು, ಈಗಲೂ ಹಾಗೇ ಇದೆ. ಉಬುಂಟು ನಡುವೆ ಒಮ್ಮೆ ಎಲ್ಲವನ್ನೂ ಎಡಗಡೆಯ ಗೋಡೆಗೆ ಒಯ್ದು ಜೋಡಿಸಿತು. ಕಂಪ್ಯೂಟರಿನ ಜನ ಇಂಥದ್ದನ್ನು ಪ್ರಗತಿ ಅನ್ನುತ್ತಾರೆ. ಕಣ್ಣು ಮುಚ್ಚಿ ಟೈಪ್ ಮಾಡುವ ನಿನ್ನಂಥವಳಿಗೆ ಯಾರೋ ರಾತ್ರೋರಾತ್ರಿ ಕೀಲಿಗಳ ಜಾಗ ಬದಲಿಸಿದ ಹಾಗೆ. ಮಿಂಟಿನ ಈಗಿನ 22ರ ಸರಣಿಗೆ 2029ರವರೆಗೆ ಆರೈಕೆ ಇದೆ. ನಾಲ್ಕು ಗಿಗಾಬೈಟ್ ರ‍್ಯಾಮಿನಲ್ಲೂ ಓಡುತ್ತದೆ. ಅದರಲ್ಲೇ ಮೂರು ಬಗೆ ಇವೆ, ಹೆಚ್ಚು ಜನ ಹಾಕಿಕೊಳ್ಳುವುದು ಸಿನಮನ್. ನಿನ್ನ ಮಶೀನಿಗೆ ಎಕ್ಸ್‌ಎಫ್‌ಸಿಇ ಎಂಬ ಹಗುರದ್ದು ಸಾಕು. ಹೆಸರು ನಾಲಿಗೆಗೆ ಹೊರಳುವುದಿಲ್ಲ, ಹೊರಳಬೇಕಾಗಿಯೂ ಇಲ್ಲ. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಬೇಗ ಓಡುವ ಒಂದು ಎಸ್‌ಎಸ್‌ಡಿ ಹಾಕಿಸೋಣ. ಮಶೀನು ಆನ್ ಮಾಡಿ ಕಾಫಿಗೆ ಹಾಲಿಡಲು ಹೋಗುವ ನಿನ್ನ ಅಭ್ಯಾಸ ಮಾತ್ರ ಅದರಿಂದ ಕೆಡುತ್ತದೆ.

ಇನ್ನೊಂದು ಕಾರಣ ಇದೆ, ಅದೇ ದೊಡ್ಡದು. ಹೊಸಬರಿಗೆ ಸಲೀಸಾದದ್ದು ಯಾವುದು ಅಂತ ಪಟ್ಟಿ ಹಾಕುವವರು ಪರದೆಯ ಬಣ್ಣ ನೋಡುತ್ತಾರೆ, ಮೆನು ನೋಡುತ್ತಾರೆ, ಮಶೀನು ಕೈಕೊಟ್ಟ ದಿನ ನೀನು ಯಾರಿಗೆ ಫೋನ್ ಮಾಡುತ್ತೀಯ ಎಂಬುದನ್ನು ನೋಡುವುದಿಲ್ಲ. ನೀನು ನನಗೇ ಮಾಡುತ್ತೀಯ. 'ಮೇಲ್ಗಡೆ ಒಂದು ನೀಲಿದು ಇದೆಯಲ್ಲಾ' ಅನ್ನುತ್ತೀಯ, ನನ್ನ ಪರದೆಯಲ್ಲಿ ನೀಲಿಯೂ ಇರುವುದಿಲ್ಲ ಮೇಲ್ಗಡೆಯೂ ಇರುವುದಿಲ್ಲ. ಅದಕ್ಕೆ ಹೋದ ಭಾನುವಾರ ಫೆಡೋರಾ ತೆಗೆದು ನನ್ನ ಲ್ಯಾಪ್‌ಟಾಪಿಗೂ ಮಿಂಟ್ ಹಾಕಿಕೊಂಡೆ, ಅದೇ ಆವೃತ್ತಿ, ಅದೇ ಹಗುರದ ಬಗೆ. ಆಫೀಸಿನವರು ನಕ್ಕರು. ಈ ಪತ್ರ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ.

ಒತ್ತಕ್ಷರಗಳನ್ನು ಭೂತಗನ್ನಡಿ ಹಿಡಿದು ನೋಡು, ನಿನಗೆ ಅದೇ ತಾನೇ ಮುಖ್ಯ. ಕನ್ನಡದ ಕೀಲಿಮಣೆಗೆ ಐಬಸ್ ಎಂಬುದನ್ನೂ ಎಂ17ಎನ್ ಎಂಬ ಅದರ ಜೊತೆಗಾರನನ್ನೂ ಹಾಕಿಕೊಳ್ಳಬೇಕು. ನಾನು ಹಾಕಿಕೊಡುತ್ತೇನೆ. ಆಮೇಲೆ ಕನ್ನಡದ ಪಟ್ಟಿ ತೆರೆದರೆ ಕೆಜಿಪಿ ಅಂತ ಒಂದಿದೆ. ಅದು ಕನ್ನಡ ಗಣಕ ಪರಿಷತ್ತಿನದು, ಅಂದರೆ ನೀನು ನುಡಿ ತಂತ್ರಾಂಶದಲ್ಲಿ ದಿನವೂ ಒತ್ತುವ ಕೆ.ಪಿ. ರಾವ್ ಅವರ ವಿನ್ಯಾಸವೇ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ' ಅಂತಲೇ ಬರುತ್ತದೆ, ಒತ್ತಿಗೆ ಎಫ್ ಅಂತ ನೀನು ಕಲಿಸಿದ್ದು ಸುಳ್ಳಾಗಿಲ್ಲ. ಆದರೆ ನಾನು ಪಟ್ಟಿಯಲ್ಲಿ ಇನ್ನೂ ಕೆಳಗಿಳಿದೆ. ಅಲ್ಲಿ 'ಟೈಪ್‌ರೈಟರ್' ಅಂತ ಇನ್ನೊಂದು ಕನ್ನಡದ ವಿನ್ಯಾಸ ಇದೆ, ಚಿಕ್ಕಮ್ಮ! ಯಾರೋ ಪುಣ್ಯಾತ್ಮ ಕೂತು ಹಳೇ ಮಶೀನಿನ ಕ್ರಮವನ್ನು ಇದಕ್ಕೆ ಇಳಿಸಿದ್ದಾನೆ, ದುಡ್ಡು ಬರುವ ಕೆಲಸವಂತೂ ಅಲ್ಲ. ಟೈಪಿಂಗ್ ಜೂನಿಯರ್ ಪರೀಕ್ಷೆಗೆ ನೀನು ನನ್ನನ್ನು ಕೂರಿಸಿದ್ದೆಯಲ್ಲ, ಆ ಬೆರಳುಗಳು ನನಗೆ ಮರೆತುಹೋಗಿವೆ. ನಿನ್ನವು ಮರೆತಿರಲಾರವು. ಒಮ್ಮೆ ಒತ್ತಿ ನೋಡಿ ಎಷ್ಟು ಸರಿಯಿದೆ ಹೇಳು.

ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಗುಬ್ಬಿ ಅಂದಾಗ ಪಕ್ಕದ ತಾಲೂಕು ಅಂತ ಖುಷಿಪಟ್ಟೆ. ಜೊತೆಗಿರುವುದು ನವಿಲು, ಆದ್ದರಿಂದ ಹಕ್ಕಿಯೇ ಇರಬೇಕು. ನವಿಲು ಕೈಬರಹದಂಥದ್ದು, ನಾಮಕರಣದ ಕಾರ್ಡಿಗೆ ಚೆನ್ನಾಗಿರುತ್ತದೆ. ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಬಹುದು. ಸ್ವಂತ ಇಚ್ಛೆಯಿಂದ ದುಡಿಯುವವರು ಅನುವಾದ ಮಾಡಿದ್ದಾರೆ, ಪೂರ್ತಿ ಆಗಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ನೋಡಿದರೆ ನಿನಗೆ ಮೈ ಉರಿಯುತ್ತದೆ, ಸದ್ಯಕ್ಕೆ ಇಂಗ್ಲಿಷಿನಲ್ಲೇ ಇರಲಿ.

ಈಗ ಆಗದ ಕೆಲಸಗಳನ್ನು ಹೇಳಿಬಿಡುತ್ತೇನೆ. ನೀನು ಕಾರ್ಡು ಜೋಡಿಸುವ ಪೇಜ್‌ಮೇಕರ್ ಓಡುವುದಿಲ್ಲ, ಕೋರೆಲ್‌ಡ್ರಾ ಓಡುವುದಿಲ್ಲ. ವೈನ್ ಎಂಬ ಒಂದು ಉಪಾಯ ಇದೆ, ಹೆಸರು ಕೇಳಿ ಬೆಚ್ಚಬೇಡ, ವಿಂಡೋಸಿನ ತಂತ್ರಾಂಶಗಳನ್ನು ಇಲ್ಲಿ ನಡೆಸಲು ನೋಡುತ್ತದೆ. ಕೆಲವು ನಡೆಯುತ್ತವೆ, ಕೆಲವು ಕುಂಟುತ್ತವೆ. ಅನ್ನ ಕೊಡುವ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡ. ಲಿಬ್ರೆ ಆಫೀಸ್ ಅಂತ ಮಿಂಟಿನ ಜೊತೆಗೇ ಬರುತ್ತದೆ, ಅರ್ಜಿ, ಬಾಡಿಗೆ ಕರಾರು, ಬಯೋಡೇಟಾ, ಲೆಕ್ಕದ ಹಾಳೆಗೆಲ್ಲ ಧಾರಾಳ ಸಾಕು. ಅದು ಪೇಜ್‌ಮೇಕರ್ ಕಡತವನ್ನೂ ತೆರೆಯಲು ಯತ್ನಿಸುತ್ತದೆ, ಆದರೆ ಅಚ್ಚಿಗೆ ಕಳಿಸುವಷ್ಟು ನೆಚ್ಚಿಕೊಳ್ಳುವ ಹಾಗಿಲ್ಲ.

ನಿನ್ನ ಹಳೇ ಕಡತಗಳ ತೊಡಕು ಬೇರೆಯದು. ನೀನು ಇಪ್ಪತ್ತು ವರ್ಷ ನುಡಿಯ ಹಳೇ ಫಾಂಟುಗಳಲ್ಲಿ ಹೊಡೆದದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಪಾಲಿಗೆ ಕನ್ನಡದ ವೇಷ ಹಾಕಿದ ಇಂಗ್ಲಿಷ್ ಚಿಹ್ನೆಗಳು. ಆ ಫಾಂಟು ಇಲ್ಲದ ಕಡೆ ತೆರೆದರೆ ಭೂತ ಹಿಡಿದವರ ಹಾಗೆ ಏನೇನೋ ಕಾಣುತ್ತದೆ. ಇದು ಲಿನಕ್ಸಿನ ತಪ್ಪಲ್ಲ, ಬೇರೊಂದು ವಿಂಡೋಸ್ ಮಶೀನಿನಲ್ಲಿ ತೆರೆದರೂ ಅದೇ ಗತಿ. ಎಲ್ಲ ಕಡೆಯೂ ಕನ್ನಡವಾಗಿಯೇ ಉಳಿಯುವ ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ಬದಲಾದ ಮೇಲೆ ಅರ್ಕಾವತ್ತು, ಒತ್ತುಗಳನ್ನು ಒಂದೊಂದಾಗಿ ನೋಡಬೇಕು. ಎಲ್ಲವನ್ನೂ ಬದಲಾಯಿಸುವ ಹಟ ಬೇಡ. ಮದುವೆಯಾಗಿ ಮಕ್ಕಳಾದವರ ಲಗ್ನಪತ್ರಿಕೆ ಯಾರಿಗೆ ಬೇಕು? ಸ್ಮರಣ ಸಂಚಿಕೆಗಳು, ಆ ಮೇಷ್ಟರ ಊರಿನ ಇತಿಹಾಸ, ದೇವಸ್ಥಾನದವರ ಸ್ತೋತ್ರದ ಪುಸ್ತಕ, ಇಷ್ಟನ್ನು ಮೊದಲು ತೆಗೆದಿಡು.

ಹಾಗಾಗಿ ನನ್ನ ಸಲಹೆ ಅರ್ಧಂಬರ್ಧದ್ದು. ಒಳಗಿನ ಕೋಣೆಯ ಮಶೀನನ್ನು ಮುಟ್ಟುವುದು ಬೇಡ. ಅದರಲ್ಲಿ ವಿಂಡೋಸ್ 10 ಇರಲಿ, ಪೇಜ್‌ಮೇಕರ್, ಕೋರೆಲ್, ನುಡಿ ಇರಲಿ, ಇಂಟರ್ನೆಟ್ ತಂತಿ ಮಾತ್ರ ಕಿತ್ತುಬಿಡು. ಕೌಂಟರಿನ ಮಶೀನು, ಊರವರ ಕಾಗದಪತ್ರ ಬರುವುದು ಅದಕ್ಕೇ ತಾನೇ, ಅದಕ್ಕೆ ಮಿಂಟ್. ಶುದ್ಧವಾಗಿ ಎಲ್ಲ ಬಿಟ್ಟು ಬಾ ಅನ್ನುವ ಲಿನಕ್ಸ್ ಭಕ್ತರು ನನ್ನನ್ನು ಇದಕ್ಕೆ ಬೈಯುತ್ತಾರೆ, ಬೈಯಲಿ, ಅವರಿಗೆ ಮಾಘಮಾಸದಲ್ಲಿ ಕಾರ್ಡು ಕೊಡುವ ಕೆಲಸ ಇಲ್ಲ.

ಪ್ರಿಂಟರು, ಸ್ಕ್ಯಾನರು ನಡೆಯುತ್ತವೆಯೋ ಇಲ್ಲವೋ ಅಂತ ಇಲ್ಲಿ ಕೂತು ಆಣೆ ಮಾಡಲಾರೆ. ಈಚಿನವು ತಂತಿ ಚುಚ್ಚಿದ ಕೂಡಲೇ ಗುರುತು ಹಿಡಿಯುತ್ತವೆ, ನಿನ್ನ ಹಳೇ ಲೇಸರ್ ಪ್ರಿಂಟರಿನ ಮೇಲೆ ನನಗೆ ಅನುಮಾನ. ಅದಕ್ಕೇ ಈ ಪತ್ರದ ಜೊತೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ, ಹಸಿರು ಟೇಪು ಸುತ್ತಿದ್ದು. ಲಿನಕ್ಸಿನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಕೊಳ್ಳುವ ಮೊದಲು ಸೀರೆಯನ್ನು ಮೈಮೇಲೆ ಹೊದ್ದು ಕನ್ನಡಿ ನೋಡಿದ ಹಾಗೆ, ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಪೂರ್ತಿ ಮಿಂಟ್ ನಡೆಸಿ ನೋಡಬಹುದು. ಅದನ್ನು ಚುಚ್ಚಿ ಮಶೀನು ಆನ್ ಮಾಡು, ಕಂಪನಿಯ ಹೆಸರು ಕಾಣುವಾಗ ಎಫ್12 ಒತ್ತುತ್ತಾ ಇರು, ಪಟ್ಟಿ ಬಂದರೆ ಪೆನ್‌ಡ್ರೈವ್ ಆರಿಸು. ಪಟ್ಟಿ ಬರದಿದ್ದರೆ ಬಿಟ್ಟುಬಿಡು, ಒಂದೊಂದು ಮಶೀನಿಗೆ ಒಂದೊಂದು ಕೀಲಿ. ಮಿಂಟ್ ಬಂದ ಮೇಲೆ ಪ್ರಿಂಟ್ ತೆಗೆ, ಒಂದು ಆಧಾರ್ ಸ್ಕ್ಯಾನ್ ಮಾಡು, ಪಹಣಿಯ ವೆಬ್‌ಸೈಟ್ ತೆರೆ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನ, ಅದನ್ನು ನೋಡಿ ಬೇಜಾರಾಗಬೇಡ. ಆಫ್ ಮಾಡಿದರೆ ಅದು ಎಲ್ಲವನ್ನೂ ಮರೆಯುತ್ತದೆ, ನಿನ್ನ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಪ್ರಿಂಟರು ಹಟ ಮಾಡಿದರೆ ಒಳಗಿನ ಮಶೀನಿಗೇ ಕಟ್ಟಿಬಿಡೋಣ.

ಪರದೆಯ ಮೇಲೆ ಸಿಡಿಯ ಚಿತ್ರದ ಹಾಗೆ ಒಂದು ಗುರುತು ಇರುತ್ತದೆ, 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಅಂತ. ಅದನ್ನು ಮುಟ್ಟಬೇಡ. ಅಂಗಡಿಗೆ ಬರುವ ಹುಡುಗರನ್ನೂ ಮುಟ್ಟಲು ಬಿಡಬೇಡ, ಮುಖ್ಯವಾಗಿ ಕಾಲೇಜಿನಲ್ಲಿ ಓದುವವರನ್ನು.

ಧನುರ್ಮಾಸದಲ್ಲಿ ಮದುವೆ ಇಲ್ಲ, ನಿನಗೂ ಕೈ ಬಿಡುವು. ಸಂಕ್ರಾಂತಿಗೆ ಮುಂಚಿನ ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಬರುವಾಗ ಖಾಲಿ ಹಾರ್ಡ್ ಡಿಸ್ಕ್ ಒಂದು ತರುತ್ತೇನೆ. ಶನಿವಾರ ಪೂರ್ತಿ ನಕಲು ತೆಗೆಯುವುದೇ ಕೆಲಸ. ಮಿಂಟಿನಲ್ಲಿ ಟೈಮ್‌ಶಿಫ್ಟ್ ಅಂತ ಒಂದಿದೆ, ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ನಿನ್ನೆಯ ಸ್ಥಿತಿಗೆ ತಂದು ನಿಲ್ಲಿಸುತ್ತದೆ, ಆದರೆ ಅದು ನಿನ್ನ ಕಡತಗಳನ್ನು ಕಾಯುವುದಕ್ಕಲ್ಲ. ಕಡತಕ್ಕೆ ಬೇರೆ ನಕಲು ಇರಲೇಬೇಕು. ನಕಲು ತೆಗೆದ ಡಿಸ್ಕನ್ನು ನೀನು ನಿನ್ನ ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಭಾನುವಾರ ಮುಂದಿನದು.

ಆ ಪ್ರಶ್ನೆ ಈಗಲೂ ಕೇಳುತ್ತದೆ ಚಿಕ್ಕಮ್ಮ, ಪೂರ್ತಿ ಡಿಸ್ಕು ಅಳಿಸಲೇ ಅಂತ. ಈಗ ಇನ್ನೊಮ್ಮೆ ಎಚ್ಚರಿಸಿ ಕೇಳುತ್ತದೆ. ಆ ಹೊತ್ತಿಗೆ ಕುರ್ಚಿಯಲ್ಲಿ ನೀನು ಕೂತಿರಬೇಕು. ನಾನು ಕಲಿಯುವಾಗ ನೀನು ಮರದ ಸ್ಕೇಲು ಹಿಡಿದು ನಿಲ್ಲುತ್ತಿದ್ದೆಯಲ್ಲ, ಆ ಜಾಗದಲ್ಲಿ ನಾನು ನಿಂತಿರುತ್ತೇನೆ. ಪರದೆಯ ಮೇಲಿರುವುದನ್ನು ನಾನು ಗಟ್ಟಿಯಾಗಿ ಓದುತ್ತಾ ಹೋಗುತ್ತೇನೆ, ಎರಡು ಸಲ. ನೀನು ಒತ್ತು.

ಒಬ್ಬಟ್ಟು ಮಾಡುವುದಾದರೆ ಕಾಯಿಯದು ಮಾಡು, ಬೇಳೆಯದು ಇಲ್ಲೂ ಸಿಗುತ್ತದೆ.

ನಿನ್ನ,
ಗುಂಡ